ಚಿನ್ನ ಕೆಮ್ಮಣ್ಣಿನಲ್ಲಿ ಮಲಗಿದ್ದು ಹೇಗೆ

ಭೂಮಿಯ ಹಸಿ ಇನ್ನೂ ಆರಿರದ ಕಾಲವದು. ಹಳ್ಳಗಳಿಗೆ ಹರಿಯುವ ದಾರಿ ಗೊತ್ತಿರಲಿಲ್ಲ. ಆಗ ಚಿನ್ನ ನೆಲದೊಳಗೆ ಇರಲಿಲ್ಲ ಮಗೂ. ಬೆಟ್ಟದ ನೆತ್ತಿಯಲ್ಲಿ, ಬಿಳಿಯ ಬೆಣಚುಕಲ್ಲಿನ ನಡುವೆ, ಒಂದೇ ದಪ್ಪ ಗೆರೆಯಾಗಿ ಹೊಳೆಯುತ್ತಿತ್ತು.

ಸೂರ್ಯ ಮುಳುಗಿದರೂ ಅದು ಹೊಳೆಯುತ್ತಿತ್ತು. ಹಕ್ಕಿಗಳು ರೆಕ್ಕೆ ಮಡಿಸಲಿಲ್ಲ. ಮೊಗ್ಗುಗಳು ಕಣ್ಣು ಮುಚ್ಚಲಿಲ್ಲ. ಬೆಟ್ಟದ ಬುಡದಲ್ಲಿ ಆಡು ಕಾಯುತ್ತಿದ್ದ ಹೊಳೆವ್ವನ ಕೂಸು ನಿದ್ದೆ ಮಾಡಲಿಲ್ಲ.

ನಿದ್ದೆಯಿಲ್ಲದ ಕೂಸು ಬೆಳೆಯುವುದಾದರೂ ಹೇಗೆ? ಅಂಗಳದ ಹುಣಸೆ ಸಸಿ ಮರವಾಯಿತು. ಕೂಸು ಹುಟ್ಟಿದ ದಿನದಷ್ಟೇ ಉಳಿಯಿತು. ಹೊಳೆವ್ವ ಕೂಸಿನ ಮುಖಕ್ಕೆ ಸೆರಗು ಮುಚ್ಚಿದಳು. ಬೆಳಕು ನೂಲಿನ ಸಂದಿಯಿಂದ ನುಸುಳಿತು.

ಕೊನೆಗೆ ಅವಳು ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತಿದಳು.

“ಚಿನ್ನಾ, ಒಂದಿಷ್ಟು ಹೊತ್ತು ಕಣ್ಣು ಮುಚ್ಚಿಕೋ ತಾಯಿ.”

“ನನಗೂ ಮಲಗಬೇಕು ಅಕ್ಕಾ,” ಎಂದಿತು ಚಿನ್ನ. “ಈ ಕಲ್ಲು ನನ್ನನ್ನು ಬಿಗಿಯಾಗಿ ಹಿಡಿದುಬಿಟ್ಟಿದೆ. ಇಳಿದು ಬರೋಣವೆಂದರೆ ನನಗೆ ಕಾಲಿಲ್ಲ.”

ಹೊಳೆವ್ವ ಮಳೆಯನ್ನು ಕರೆದಳು. ಮಳೆ ಬಂದು ಸುರಿಯಿತು, ಸುರಿದು ಸೋತಿತು. “ಬರೀ ನೀರಿಗೆ ಇದು ಕರಗುವುದಿಲ್ಲ ತಂಗೀ. ನನಗೆ ಹುಳಿ ಬೇಕು, ಉಪ್ಪು ಬೇಕು.”

ಅವಳು ಬುಟ್ಟಿ ಬುಟ್ಟಿ ಕೊಳೆತು ಹುಳಿಯಾದ ಎಲೆ ಹೊತ್ತಳು. ಬಯಲಿನ ಉಪ್ಪುಪ್ಪಾದ ಸವುಳು ಮಣ್ಣು ಹೊತ್ತಳು. ಎಲ್ಲವನ್ನೂ ಬೆಟ್ಟದ ನೆತ್ತಿಗೆ ಸುರಿದಳು. ಅದರೊಳಗಿಂದ ಇಳಿದ ಮಳೆ ಕಷಾಯದಂತೆ ಕಂದು ಬಣ್ಣಕ್ಕೆ ತಿರುಗಿ ಚಿನ್ನವನ್ನು ಮುಟ್ಟಿತು.

ಚಿನ್ನ ಕೂಗಿತು. “ಅಕ್ಕಾ, ಕಣ್ಣಿಗೆ ಕಾಣದಷ್ಟು ಸಣ್ಣಗಾಗುತ್ತಿದ್ದೇನೆ! ಹೀಗೆ ಚದುರಿಹೋದರೆ ನಾನು ಮತ್ತೆ ಒಂದಾಗುತ್ತೇನೆಯೇ?”

‘ಆಗುತ್ತೀಯ’ ಎನ್ನುವ ಮಾತು ಹೊಳೆವ್ವನ ನಾಲಿಗೆಯ ತುದಿಗೆ ಬಂತು. ಆದರೆ ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಹೇಳಲು ಮನಸ್ಸಾಗಲಿಲ್ಲ. “ತಾಳು, ಮಳೆಯಣ್ಣ,” ಎಂದಳು. ನಿಂತ ಮಳೆಯನ್ನು ಅಲ್ಲೇ ಬಿಟ್ಟು, ಕೂಸಿನೊಂದಿಗೆ ಬೆಟ್ಟವಿಳಿದು ಕೆಮ್ಮಣ್ಣಿನ ಮುಂದೆ ಕುಳಿತಳು.

“ಕೆಮ್ಮಣ್ಣಮ್ಮಾ, ನೀರಿನ ಜೊತೆ ಚಿನ್ನ ಬಂದರೆ ಹಿಡಿದಿಟ್ಟುಕೊಳ್ಳುತ್ತೀಯಾ?”

“ನನ್ನೊಳಗೆ ಕಬ್ಬಿಣದ ಕೆಂಪಿದೆ ಮಗಳೇ,” ಎಂದಿತು ಕೆಮ್ಮಣ್ಣು. “ನೀರಿನಲ್ಲಿ ಕರಗಿ ಬಂದದ್ದು ನನ್ನ ಮಡಿಲಲ್ಲಿ ನಿಂತುಬಿಡುತ್ತದೆ. ಕಣಕ್ಕೆ ಕಣ ಅಂಟಿಕೊಳ್ಳುತ್ತದೆ. ಅವಸರ ಮಾತ್ರ ಮಾಡಬೇಡ.”

ಹೊಳೆವ್ವ ಮತ್ತೆ ಬೆಟ್ಟ ಹತ್ತಿ ಆ ಮಾತನ್ನು ಇದ್ದ ಹಾಗೇ ಹೇಳಿದಳು.

ಚಿನ್ನ “ಹಾಗಾದರೆ ಹೊರಡುತ್ತೇನೆ,” ಎಂದಿತು.

ಮಳೆ ಸುರಿಯಿತು. ವರ್ಷಗಟ್ಟಲೆ ಸುರಿಯಿತು. ಚಿನ್ನದಲ್ಲಿ ಒಂದಿಷ್ಟು ಕರಗಿ, ಬೇರಿನ ಸಂದಿಯಲ್ಲಿ ಇಳಿದಿಳಿದು, ಕೆಮ್ಮಣ್ಣಿನ ಮಡಿಲು ಸೇರಿ ಕಣಕ್ಕೆ ಕಣ ಕೂಡಿಕೊಂಡಿತು. ಕರಗದೆ ಉಳಿದದ್ದು, ಬಿಸಿಲಿಗೂ ಚಳಿಗೂ ಕಲ್ಲು ಬಿರಿದಾಗ, ಪುಡಿಯ ಜೊತೆ ಹಳ್ಳಕ್ಕೆ ಜಾರಿತು. ದೂಳನ್ನು ಗಾಳಿ ಒಯ್ದಿತು, ಮರಳನ್ನು ನೀರು ಒಯ್ದಿತು. ಭಾರದ ಚಿನ್ನವನ್ನು ಬಹಳ ದೂರ ಒಯ್ಯಲು ಯಾರಿಂದಲೂ ಆಗಲಿಲ್ಲ. ಹಳ್ಳ ದಣಿದು ತಿರುಗುವ ಕಡೆ ಅದು ತಳಕ್ಕಿಳಿದು ಕುಳಿತಿತು.

ಒಂದು ಮಳೆಗಾಲದ ಸಂಜೆ ಬೆಟ್ಟದ ನೆತ್ತಿ ಮಂಕಾಯಿತು. ಗುಡಿಸಲೊಳಗೆ ಮೊದಲ ಬಾರಿಗೆ ತಂಪಾದ ಮಬ್ಬು ಕವಿಯಿತು. ಕೂಸು ಬಾಯಿ ಅಗಲಿಸಿ ಆಕಳಿಸಿತು. ಕೂಸು ಆಕಳಿಸಿದ್ದನ್ನು ಹೊಳೆವ್ವ ಎಂದೂ ನೋಡಿರಲಿಲ್ಲ. ಏನಾಯಿತೋ ಎಂದು ಗಾಬರಿಯಾಗಿ ಎತ್ತಿಕೊಂಡಳು. ಅಷ್ಟರಲ್ಲಿ ಅದರ ತಲೆ ಅವಳ ಭುಜಕ್ಕೆ ವಾಲಿತ್ತು.

ಮರುದಿನದವರೆಗೂ ಅವಳು ಕಾಲು ಅಲುಗಿಸದೆ ಕುಳಿತಿದ್ದಳು. ಕೂಸು ಎದ್ದಾಗ ಅದರ ಸೊಂಟದ ಉಡಿದಾರ ಬಿಗಿಯಾಗಿತ್ತು. ಹೊಳೆವ್ವ ನಗುತ್ತ, ಅಳುತ್ತ, ಗಂಟು ಬಿಚ್ಚಿ ಸಡಿಲಿಸಿದಳು.

ಅದಕ್ಕೇ ನೋಡು ಮಗೂ, ಇವತ್ತಿಗೂ ಹಳ್ಳದ ತಿರುವಿನಲ್ಲಿ ಕುಳಿತವರು ಮರದ ಮರಿಗೆಯಲ್ಲಿ ಕೆಮ್ಮಣ್ಣು ತೊಳೆದರೆ, ಮಣ್ಣೆಲ್ಲ ತೇಲಿಹೋದ ಮೇಲೂ ಸಾಸಿವೆಯಷ್ಟು ಚಿನ್ನ ತಳದಲ್ಲೇ ಸುಮ್ಮನೆ ಮಲಗಿರುತ್ತದೆ.