ಸಂಕವ್ವ ಚಿವುಟಿದ ಸೇವಂತಿಗೆ

ಲೋಕ ಆಗಿನ್ನೂ ಹೊಸದು. ಎಷ್ಟು ಹೊಸದೆಂದರೆ ಗುಡ್ಡಗಳ ಮೈ ಪೂರ್ತಿ ಒಣಗಿರಲಿಲ್ಲ, ಕಾಗೆಗೆ ಕೂಗಲು ಸರಿಯಾಗಿ ಬರುತ್ತಿರಲಿಲ್ಲ, ಯಾವ ಕಡೆ ಹರಿಯಬೇಕೆಂದು ಹಳ್ಳಗಳು ದಿನಾ ಬೆಳಿಗ್ಗೆ ಒಂದನ್ನೊಂದು ಕೇಳಿಕೊಳ್ಳುತ್ತಿದ್ದವು.

ಆ ಕಾಲದಲ್ಲಿ ಸೇವಂತಿಗೆ ಹೀಗಿರಲಿಲ್ಲ. ಮೊಣಕಾಲೆತ್ತರದ ಪುಟ್ಟ ಗಿಡ. ಒಂದೇ ಕಡ್ಡಿ, ಕಡ್ಡಿಯ ತುದಿಗೆ ಒಂದೇ ಹೂವು. ಮಳೆ ಹಿಡಿದ ತಿಂಗಳೊಳಗೆ ಎಲ್ಲರ ಜೊತೆ ತಾನೂ ಅರಳಿ, ಎಲ್ಲರ ಜೊತೆ ತಾನೂ ಉದುರಿ, ಬೇರಿನೊಳಗೆ ಮಲಗಿಬಿಡುತ್ತಿತ್ತು. ಅದರ ಎಲೆಗೆ ಯಾವ ವಾಸನೆಯೂ ಇರಲಿಲ್ಲ. ನಂಬಿಕೆ ಬರಲಿಲ್ಲವೇ? ಬರದಿದ್ದರೆ ಬೇಡ, ಮುಂದೆ ಕೇಳು.

ಎರೆಮಣ್ಣಿನ ಬಯಲಿನಲ್ಲಿ ಒಂದು ಮಣ್ಣಿನ ಮನೆ, ಮನೆಯ ಹಿಂದೆ ಒಂದು ಹಿತ್ತಲು. ಅಲ್ಲಿ ಇಬ್ಬರು ಅಕ್ಕತಂಗಿಯರು. ದೊಡ್ಡವಳು ಹೊನ್ನವ್ವ, ಚಿಕ್ಕವಳು ಸಂಕವ್ವ. ಅವರ ಅವ್ವ ತೀರಿಕೊಂಡಾಗ ಸಂಕವ್ವ ಇನ್ನೂ ಅಂಬೆಗಾಲಿಡುವ ಕೂಸು. ಹೊನ್ನವ್ವನೇ ಅವಳಿಗೆ ತುತ್ತು ಕಲಸಿದಳು, ತಲೆ ಬಾಚಿದಳು, ಬೈದಳು, ಬೆಳೆಸಿದಳು. ಈಗ ಸಂಕವ್ವನ ತಲೆಯಲ್ಲೂ ಒಂದೆರಡು ಬಿಳಿಕೂದಲು ಕಾಣುತ್ತಿದ್ದವು. ಆದರೂ 'ಯಕ್ಕಾ, ಹೋಗಿ ಬರಲ್ಯಾ?' ಎಂದು ಕೇಳದೆ ಅವಳು ಹೊಸಿಲು ದಾಟಿದವಳಲ್ಲ.

ಆ ಹಿತ್ತಲಿನ ಸೇವಂತಿಗೆ ಹೊನ್ನವ್ವ ಹಳ್ಳದ ದಂಡೆಯಿಂದ ಬೇರುಸಮೇತ ತಂದು ನೆಟ್ಟದ್ದು. ತಾನು ಮಲಗುವ ಕೋಣೆಯ ಕಿಟಕಿಯ ಕೆಳಗೇ ನೆಟ್ಟಿದ್ದಳು. ವರ್ಷಕ್ಕೆ ಒಂದು ಹೂವು ಬಿಡುವ ಗಿಡದ ಮೇಲೆ ಇಷ್ಟೊಂದು ಅಕ್ಕರೆಯೇ ಎಂದು ತಂಗಿ ಚೇಷ್ಟೆ ಮಾಡುತ್ತಿದ್ದಳು.

ಒಂದು ವರ್ಷ ಮಳೆ ಹಿಡಿಯುವ ಹೊತ್ತಿಗೆ ಹೊನ್ನವ್ವ ಹಾಸಿಗೆ ಹಿಡಿದಳು. ಪಕ್ಕೆಯಲ್ಲಿ ನೋವು. ಮೊದಮೊದಲು ಮಗ್ಗುಲು ಬದಲಿಸಿದರೆ ನೋವು, ಆಮೇಲೆ ಬದಲಿಸದಿದ್ದರೂ ನೋವು.

ಒಂದು ಸಂಜೆ ಮೂಡಗಾಳಿ ಬಂದು ಹಿತ್ತಲಿನ ಗೋಡೆಯ ಮೇಲೆ ಕೂತಿತು. ಹಣ್ಣೆಲೆಗಳನ್ನು ಕೊಂಡೊಯ್ಯುವುದು, ಹಾರಲಾರದ ಹಕ್ಕಿಗಳನ್ನು ಕೊಂಡೊಯ್ಯುವುದು, ಉಸಿರು ಮುಗಿದ ಮನುಷ್ಯರನ್ನು ಕೊಂಡೊಯ್ಯುವುದು ಮೂಡಗಾಳಿಯ ಕೆಲಸ. ಯಾರಾದರೊಬ್ಬರು ಮಾಡಲೇಬೇಕಾದದ್ದು, ಅದರ ಪಾಲಿಗೆ ಬಂದಿತ್ತು.

"ಹೊನ್ನವ್ವಾ, ಹೋಗೂಣೇನವಾ?" ಎಂದಿತು ಗಾಳಿ, ಕಿಟಕಿಯ ಹತ್ತಿರ ಬಗ್ಗಿ.

"ಬರತೀನಿ, ಗಾಳೆಪ್ಪಾ. ನನಗೇನೂ ಹಟಾ ಇಲ್ಲ," ಎಂದಳು ಹೊನ್ನವ್ವ. "ಒಂದ ಮಾತು ನಡಸಿಕೊಡು. ನನ್ನ ಶ್ಯಾವಂತಿಗಿ ಮೊಗ್ಗು ಹಿಡಿಯೂ ಹೊತ್ತಾಗೇತಿ. ಅದೊಂದು ಹೂ ಅರಳೂದು ನೋಡಿ ಬರತೀನಿ."

ಗಾಳಿ ಯೋಚಿಸಿತು. ಇದುವರೆಗೆ ಯಾರೂ ಅದನ್ನು ಏನೂ ಕೇಳಿರಲಿಲ್ಲ. "ಆತು. ಹೂ ಅರಳಿದ ದಿನಾ ಬರತೀನಿ," ಎಂದು ಮಾತು ಕೊಟ್ಟು ಹೋಯಿತು.

ಸಂಕವ್ವ ಬಾಗಿಲ ಮರೆಯಲ್ಲಿ ಗಂಜಿಯ ಬಟ್ಟಲು ಹಿಡಿದು ನಿಂತಿದ್ದಳು. ಎಲ್ಲ ಕೇಳಿಸಿತು. ಬಟ್ಟಲು ಕೆಳಗಿಟ್ಟು ನೇರ ಹಿತ್ತಲಿಗೆ ಹೋದಳು. ಸೇವಂತಿಗೆಯ ತುದಿಯಲ್ಲಿ ಸಾಸಿವೆ ಗಾತ್ರದ ಮೊಗ್ಗು ಆಗಲೇ ಕೂತಿತ್ತು. ಅವಳು ಆಚೆ ಈಚೆ ನೋಡಿದಳು. ಉಗುರಿನಿಂದ ಕುಡಿಯನ್ನು ಚಿವುಟಿ ಹಾಕಿಬಿಟ್ಟಳು.

"ಯವ್ವಾ!" ಎಂದಿತು ಗಿಡ. "ಯಾಕವಾ?"

"ಹುಳಾ ಹತ್ತಿತ್ತು," ಎಂದಳು ಸಂಕವ್ವ. ಅವಳು ಹುಟ್ಟಿದ ಮೇಲೆ ಹೇಳಿದ ಮೊದಲ ಸುಳ್ಳು ಅದು. ಒಳಗೆ ಹೋಗಿ ಅಕ್ಕನಿಗೆ ಗಂಜಿ ಕುಡಿಸಿದಳು.

ಎಂಟು ದಿನ ಕಳೆಯಿತು. ಚಿವುಟಿದ ಜಾಗದ ಕೆಳಗೆ ಎರಡು ಹೊಸ ಕುಡಿಗಳು ಒಡೆದಿದ್ದವು. ಪಾಪದ ಗಿಡ, ಒಂದು ಹೋದರೆ ಎರಡು ಕೊಡೋಣ ಎಂದುಕೊಂಡಿತ್ತು. ಸಂಕವ್ವ ಮತ್ತೆ ಆಚೆ ಈಚೆ ನೋಡಿದಳು. ಎರಡನ್ನೂ ಚಿವುಟಿದಳು. ಎರಡಿದ್ದದ್ದು ಐದಾಯಿತು. ಐದನ್ನೂ ಚಿವುಟಿದಳು. ಐದಿದ್ದದ್ದು ಹನ್ನೆರಡಾಯಿತು.

"ಯಾಕವಾ?" ಎಂದು ಗಿಡ ಪ್ರತಿ ಸಲ ಕೇಳುತ್ತಿತ್ತು.

ಸಂಕವ್ವ ಉತ್ತರ ಕೊಡುವುದನ್ನು ಬಿಟ್ಟಳು. ಆದರೆ ಗಿಡ ಸತ್ತರೆ ಅಕ್ಕನ ಹೂವಿನ ಆಸೆಯೇ ಸಾಯುತ್ತದಲ್ಲ, ಆಸೆ ಸತ್ತರೆ ಅಕ್ಕ ಉಳಿಯುವಳೇ, ಆ ಭಯವೂ ಅವಳಿಗಿತ್ತು. ಅದಕ್ಕೇ ಚಿವುಟಿದ ಕೈಯಿಂದಲೇ ನೀರು ಹಾಕಿದಳು, ಸಗಣಿ ಗೊಬ್ಬರ ಹಾಕಿದಳು. ಗಿಡ ಬೆಳೆದು ವಾಲತೊಡಗಿದಾಗ ತೊಗರಿ ಕಟ್ಟಿಗೆ ನೆಟ್ಟು ಪುಂಡಿನಾರಿನಿಂದ ಕಟ್ಟಿದಳು. ಹೂವು ಬಿಡುವ ದಾರಿ ಮುಚ್ಚಿದ್ದರಿಂದ ಸೇವಂತಿಗೆಗೆ ಬೆಳೆಯುವುದೊಂದೇ ಉಳಿದಿತ್ತು. ಮೊಣಕಾಲು ದಾಟಿತು, ಸೊಂಟ ದಾಟಿತು, ಕಿಟಕಿಯ ಕಟ್ಟೆಯವರೆಗೆ ಬಂತು.

ನೀವು ಈಗ ಪಂಚಮಿ ಎನ್ನುತ್ತೀರಲ್ಲ, ಆ ಹೊತ್ತಿಗೆ ಮೂಡಗಾಳಿ ಮತ್ತೆ ಬಂತು. ಹಬ್ಬಗಳಿಗೆ ಆಗಿನ್ನೂ ಯಾರೂ ಹೆಸರಿಟ್ಟಿರಲಿಲ್ಲ.

"ಅರಳೇತೇನವಾ?"

"ಇಲ್ಲ," ಎಂದಳು ಸಂಕವ್ವ.

ಗಾಳಿ ಹೋಯಿತು. ಮಲ್ಲಿಗೆ ಮುಗಿಯಿತು. ಗೋರಂಟಿ ಮುಗಿಯಿತು. ಗಾಳಿ ಮತ್ತೆ ಬಂತು.

"ಅರಳೇತೇನವಾ?"

"ಇಲ್ಲ ಅಂದೆನಲ್ಲ!"

ಗಾಳಿ ಗಿಡದ ಕಡೆ ನೋಡಿತು. ಕೊಟ್ಟ ಮಾತು ಮಾತೇ. ಅದು ಹೊರಟುಹೋಯಿತು.

ಹೋಗದೆ ಉಳಿದದ್ದು ಹೊನ್ನವ್ವನ ನೋವು. ಅದು ಮಗ್ಗುಲಿಂದ ಬೆನ್ನಿಗೆ ಬಂತು, ಬೆನ್ನಿನಿಂದ ಉಸಿರಿಗೆ ಬಂತು. ಗಂಜಿ ಒಳಗಿಳಿಯುವುದು ಕಷ್ಟವಾಯಿತು. ಮೈ ಸವೆದು, ಹಾಸಿಗೆಯಲ್ಲಿ ಒಬ್ಬರಿದ್ದಾರೆಯೇ ಎಂದು ಹುಡುಕಿ ನೋಡಬೇಕಾಗಿತ್ತು. ದಿನಾ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ಅವಳು ಕೇಳುತ್ತಿದ್ದದ್ದು ಒಂದೇ. "ಸಂಕಿ, ಅರಳೇತೇನ?"

"ಇನ್ನೂ ಇಲ್ಲಕ್ಕಾ. ಈ ವರ್ಷ ಗಿಡಕ್ಕ ಏನಾಗೇತೋ ಏನೋ."

ಅಕ್ಕ ನರಳುವುದು ಕೇಳಿಸಿದಾಗ ಸಂಕವ್ವ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ನರಳುವುದು ನಿಂತಾಗ ಓಡಿ ಬಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಯಾವುದು ಹೆಚ್ಚು ಕೆಟ್ಟದ್ದೆಂದು ಅವಳಿಗೇ ತಿಳಿಯದು.

ಅಷ್ಟರಲ್ಲಿ ಸೇವಂತಿಗೆಯೊಳಗೆ ಒಂದು ಬದಲಾವಣೆ ಆಗಿತ್ತು. ಮಾತನಾಡುವುದನ್ನು ಅದು ನಿಲ್ಲಿಸಿತ್ತು. ಕೇಳಿ ಕೇಳಿ ಉತ್ತರ ಸಿಗದಿದ್ದರೆ ಯಾರಿಗಾದರೂ ಹಾಗೇ. ಕೇಳದೆ ಉಳಿದದ್ದೆಲ್ಲ ಎಲೆಗಳೊಳಗೆ ಇಳಿದು ಕಹಿಯಾಯಿತು. ಚಿವುಟಿದಾಗಲೆಲ್ಲ ಆ ಕಹಿ ವಾಸನೆ ಸಂಕವ್ವನ ಬೆರಳಿಗೆ ಹತ್ತಿತು. ಅವಳು ಬೂದಿ ಹಚ್ಚಿ ತಿಕ್ಕಿದಳು, ಹೋಗಲಿಲ್ಲ.

ಮಳೆಗಾಲ ಮುಗಿದು ಚಳಿ ಶುರುವಾಗಿತ್ತು. ಒಂದು ಬೆಳಿಗ್ಗೆ ಸಂಕವ್ವ ಅಕ್ಕನ ಬಾಯಿಗೆ ಗಂಜಿಯ ಬಟ್ಟಲು ಹಿಡಿದಳು. ಹೊನ್ನವ್ವ ಕುಡಿಯಲಿಲ್ಲ. ತಂಗಿಯ ಕೈಯನ್ನು ಮೆಲ್ಲಗೆ ಮೂಗಿನ ಹತ್ತಿರ ತಂದುಕೊಂಡಳು.

"ನಿನ್ನ ಕೈ ಗಿಡದ ವಾಸನಿ ಬರಾಕತ್ತೇತಿ, ಸಂಕಿ."

"ಕಳೆ ಕಿತ್ತೆ."

"ಕಳೆ ಅಲ್ಲ ಇದು." ಹೊನ್ನವ್ವ ಕಿಟಕಿಯ ಕಡೆ ನೋಡಿದಳು. ಕಟ್ಟೆಯ ಮೇಲೆ ಸೇವಂತಿಗೆಯ ತಲೆಗಳು ಕಾಣುತ್ತಿದ್ದವು, ಎಲ್ಲವೂ ಮೊಂಡು. ಹೊಲ ಹಿತ್ತಲಿನಲ್ಲೇ ಬದುಕು ಕಳೆದವಳಿಗೆ ಬಿಡಿಸಿ ಹೇಳಬೇಕೇ? "ಎಷ್ಟ ಸಲ ಚಿವುಟಿದಿ?"

ಸಂಕವ್ವ ನೆಲ ನೋಡಿದಳು. "ಎಣಿಸಿಲ್ಲ."

ಹೊನ್ನವ್ವನಿಗೆ ಸಿಟ್ಟು ಬಂತು. ಬದುಕಿನಲ್ಲಿ ಎಷ್ಟೋ ಸಲ ತಂಗಿಯ ಮೇಲೆ ಸಿಟ್ಟಾಗಿದ್ದಳು. ಇಂಥ ಸಿಟ್ಟು ಬಂದಿರಲಿಲ್ಲ. "ನೋಯೂದು ಯಾರಿಗೆ? ನಿನಗೋ ನನಗೋ? ಒಂದ ಹೂ ಕೇಳಿದ್ದೆ. ದಿನಾ ಅದನ್ನ ಕಾಯ್ಕೊಂತ ಬಿದ್ದೀನಿ, ನೀ ದಿನಾ ಕೊಂದು ಬರತಿದ್ದಿ!"

"ನೀ ಹೋದರ ನನಗ ಯಾರ ಅದಾರಕ್ಕಾ?" ಸಂಕವ್ವ ಗೋಳೋ ಎಂದು ಅತ್ತಳು. ಬಿಳಿಕೂದಲಿನ ಹೆಂಗಸು, ಕೂಸಿನ ಹಾಗೆ ಅತ್ತಳು.

ಹೊನ್ನವ್ವನ ಉಸಿರು ಹಿಡಿತಕ್ಕೆ ಬರಲು ಬಹಳ ಹೊತ್ತು ಬೇಕಾಯಿತು. ದೇವರಿದ್ದಾನೆ, ಊರಿದೆ, ಎಲ್ಲ ಸರಿಹೋಗುತ್ತದೆ ಎಂದೆಲ್ಲ ಅವಳು ಹೇಳಬಹುದಾಗಿತ್ತು. ಹೇಳಲಿಲ್ಲ. ತಂಗಿಗೆ ಅವಳು ಎಂದೂ ಸುಳ್ಳು ಹೇಳಿದವಳಲ್ಲ.

"ಯಾರೂ ಇಲ್ಲ," ಎಂದಳು. "ಅದು ಖರೇನ ಐತಿ. ಆದರೂ ನನ್ನ ಬಿಡು, ನನ್ನವ್ವಾ. ನನಗ ಸಾಕಾಗೇತಿ."

ಸಂಕವ್ವ ಎದ್ದು ಹಿತ್ತಲಿಗೆ ಹೋದಳು. ಸೇವಂತಿಗೆಯ ಮುಂದೆ ಕೂತಳು. "ತಪ್ಪಾತು," ಎಂದಳು. "ಇನ್ನ ಮುಟ್ಟೂದಿಲ್ಲ. ಅರಳು."

ಎಷ್ಟೋ ದಿನಗಳ ಮೇಲೆ ಗಿಡ ಮಾತನಾಡಿತು. "ಈಗಲೇನವಾ? ಎಲ್ಲಾ ಹೂ ಮುಗದಾವ. ಹಗಲು ಗಿಡ್ಡಾಗೇತಿ. ಜೇನಹುಳಾ ಸೈತ ಹೊರಗ ಬರಾಕ ವಲ್ಲೆ ಅಂತಾವ. ಈ ಚಳಿಯೊಳಗ ಯಾರ ಅರಳ್ತಾರ?"

"ಅಕ್ಕ ಕಾಯಾಕತ್ತಾಳ."

ಗಿಡ ಕಿಟಕಿಯ ಕಡೆ ವಾಲಿತು. ನೆಟ್ಟವಳ ಮೇಲೆ ಅದಕ್ಕೆ ಸಿಟ್ಟಿರಲಿಲ್ಲ.

ಆ ದಿನದಿಂದ ಸಂಕವ್ವ ಏನೂ ಮಾಡಲಿಲ್ಲ. ಏನೂ ಮಾಡದಿರುವುದು ಅಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಕುಡಿ ಒಡೆಯಿತು, ಸುಮ್ಮನಿದ್ದಳು. ಮೊಗ್ಗು ಹಿಡಿಯಿತು, ಸುಮ್ಮನಿದ್ದಳು. ಸಾಸಿವೆಯಷ್ಟಿದ್ದದ್ದು ಜೋಳದ ಕಾಳಿನಷ್ಟಾಯಿತು, ಕಡಲೆಯಷ್ಟಾಯಿತು. ಮೊಗ್ಗಿನ ಬಾಯಲ್ಲಿ ಹಳದಿ ಕಂಡ ದಿನ ಅವಳ ಬೆರಳು ತಾನಾಗಿ ಮುಂದೆ ಹೋಯಿತು. ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹಿಂದಕ್ಕೆ ತಂದಳು.

ಮರುದಿನ ಬಿಸಿಲೇರುವ ಹೊತ್ತಿಗೆ ಸೇವಂತಿಗೆ ಅರಳಿತು. ಒಂದಲ್ಲ. ಚಿವುಟಿದ ಕಡೆಯಲ್ಲೆಲ್ಲ ಕವಲು, ಕವಲಿಗೆಲ್ಲ ಹೂವು. ಕಿಟಕಿ ತುಂಬ ಹಳದಿ. ಕೋಣೆಯ ಗೋಡೆಯೂ, ಹೊನ್ನವ್ವನ ಮುಖವೂ ಹಳದಿಯಾದವು.

ಸಂಕವ್ವ ಅಕ್ಕನ ತಲೆಯನ್ನು ಎತ್ತಿ ಎದೆಗಾನಿಸಿಕೊಂಡಳು. ಇಂದು ಕೇಳುವ ಮೊದಲೇ ಹೇಳಿದಳು. "ಅರಳೇತಿ, ಯಕ್ಕಾ."

ಹೊನ್ನವ್ವ ನೋಡಿದಳು. ನೋಡುತ್ತಲೇ ಇದ್ದಳು. "ಹುಚ್ಚಿ," ಎಂದಳು ಆಮೇಲೆ. "ಒಂದ ಕೇಳಿದರ ಇಷ್ಟೊಂದ ಮಾಡಿಟ್ಟೀಯಲ್ಲ."

ಮೂಡಗಾಳಿ ಗೋಡೆಯ ಮೇಲೆ ಬಂದು ಕೂತಿತ್ತು. ಅವಸರ ಮಾಡಲಿಲ್ಲ. ಹೊನ್ನವ್ವ ಎಲ್ಲ ಹೂಗಳನ್ನೂ ನೋಡಿ ಮುಗಿಸುವ ತನಕ ಕಾಯಿತು. ಆಮೇಲೆ ಕಿಟಕಿಯಿಂದ ಒಳಗೆ ಬಂತು, ಕಿಟಕಿಯಿಂದಲೇ ಹೊರಗೆ ಹೋಯಿತು. ಹೂಗಳ ನಡುವೆಯೇ ಹಾದುಹೋದರೂ ಒಂದು ಎಸಳನ್ನೂ ಉದುರಿಸಲಿಲ್ಲ. ಅಂದಿನಿಂದ ಸೇವಂತಿಗೆಯ ಎಸಳನ್ನು ಗಾಳಿ ಉದುರಿಸುವುದಿಲ್ಲ, ಅದು ಗಿಡದ ಮೇಲೆಯೇ ಒಣಗುತ್ತದೆ.

ಸಂಕವ್ವನ ತೋಳಿನ ಮೇಲೆ ಭಾರ ಮಾತ್ರ ಉಳಿದಿತ್ತು.

ಹೂವು ಮುಗಿದ ಮೇಲೆ ಗಿಡವನ್ನು ಬುಡಕ್ಕೆ ಕತ್ತರಿಸಿದಳು. ಮರುವರ್ಷ ಮೊದಲ ಮಳೆಗೆ ಬೇರಿನಿಂದ ಹೊಸ ಕುಡಿಗಳು ಎದ್ದವು. ಸಂಕವ್ವ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದಳು. "ಈ ವರ್ಷ ನಿನ್ನ ಯಾರೂ ಚಿವುಟೂದಿಲ್ಲ. ಅರಳೂದಾದರ ಈಗ ಅರಳು. ನನಗಿನ್ನ ಕಳಕೊಳ್ಳೂದು ಏನೂ ಉಳಿದಿಲ್ಲ."

ಗಿಡ ಅವಳ ಮುಖ ನೋಡಿತು. ತಾನು ಅರಳಿದ ದಿನವೇ ಖಾಲಿಯಾದ ಕಿಟಕಿಯನ್ನೂ ನೋಡಿತು. ಆ ಮಳೆಗಾಲವೆಲ್ಲ ಅದು ಒಂದು ಮೊಗ್ಗನ್ನೂ ಬಿಡಲಿಲ್ಲ. ಪ್ರತಿ ಬೆಳಿಗ್ಗೆ ಸಂಕವ್ವ ಎದ್ದು ಬಂದು ನೋಡುತ್ತಿದ್ದಳು, ಪ್ರತಿ ಬೆಳಿಗ್ಗೆ ಅದು ಬರಿದೆ ಹಸಿರಾಗಿ ನಿಂತಿರುತ್ತಿತ್ತು. ಯಾಕೆಂದು ಅವಳಿಗೆ ಅರ್ಥವಾದ ದಿನ, ಅದರ ಕಹಿ ಎಲೆಗಳಿಗೆ ಮುಖವೊತ್ತಿ ಅತ್ತಳು.

ಮಗೂ, ಮಲ್ಲಿಗೆ ಮುಗಿದು, ಗೋರಂಟಿ ಮುಗಿದು, ನಿಮ್ಮ ಹಿತ್ತಲಿನ ಗಿಡಗಳೆಲ್ಲ ಮಲಗಿದ ಮೇಲೆ, ಮೂಡಗಾಳಿ ಬೀಸುವ ಚಳಿಯಲ್ಲಿ ಸೇವಂತಿಗೆಯೊಂದೇ ಎತ್ತರಕ್ಕೆ ನಿಂತು ತಡವಾಗಿ ಅರಳುವುದನ್ನು ನೀನು ನೋಡುತ್ತೀಯಲ್ಲ, ಅದು ಇವತ್ತಿಗೂ ಪ್ರತಿ ವರ್ಷ ಸಂಕವ್ವನಿಗೆ ಅವಳ ಅಕ್ಕನನ್ನು ಇನ್ನಷ್ಟು ದಿನ ಉಳಿಸಿಕೊಡಲು ನೋಡುತ್ತಿದೆ.