ವರ್ವಾರಾ ಹಿಡಿಯದ ಕೈ

ರಷ್ಯಾದಲ್ಲಿ, ವೋಲ್ಗಾ ನದಿಯ ದಂಡೆಯ ಒಂದು ಊರಿನಲ್ಲಿ, ವರ್ವಾರಾ ಎಂಬ ಕ್ರೀಡಾಪಟು ಇದ್ದಳು. ಅವಳ ಆಟ ಹೆಪ್ಟಾಥ್ಲಾನ್. ಎರಡು ದಿನ, ಏಳು ಸ್ಪರ್ಧೆ. ಓಡಬೇಕು, ಜಿಗಿಯಬೇಕು, ಗುಂಡು ಎಸೆಯಬೇಕು, ಜಾವೆಲಿನ್ ಎಸೆಯಬೇಕು. ಒಂದರಲ್ಲಿ ಮಿಂಚಿದರೆ ಸಾಲದು, ಎಲ್ಲದರಲ್ಲೂ ತಕ್ಕಮಟ್ಟಿಗೆ ಗಟ್ಟಿಯಾಗಿರಬೇಕು. ಅದಕ್ಕೇ ಈ ಆಟವನ್ನು ನೋಡುವವರು ಕಡಿಮೆ.

ಈ ಆಟದವರಲ್ಲಿ ಒಂದು ಪದ್ಧತಿ ಇದೆ. ಕೊನೆಯ ಓಟ ಮುಗಿದ ಮೇಲೆ ಗೆದ್ದವರು, ಸೋತವರು ಎಲ್ಲರೂ ಕೈ ಕೈ ಹಿಡಿದು ಮೈದಾನಕ್ಕೆ ಒಂದು ಸುತ್ತು ಬರುತ್ತಾರೆ. ನೋಡಲು ಚೆಂದ.

ವರ್ವಾರಾಳ ಜೊತೆಗಾತಿ ರಿಮ್ಮಾ. ಇಬ್ಬರಿಗೂ ಒಬ್ಬನೇ ಕೋಚ್, ಶಿಬಿರದಲ್ಲಿ ಒಂದೇ ಕೋಣೆ. ದೊಡ್ಡ ಕೂಟವೊಂದಕ್ಕೆ ಮೊದಲು ಕೋಚ್ ಆರ್ಕಾದಿ ಲ್ವೋವಿಚ್ ಇಬ್ಬರಿಗೂ ಒಂದೊಂದು ಸೀಸೆ ಕೊಟ್ಟು, ವಿಟಮಿನ್ ಎಂದ. ಸೀಸೆಯ ಮೇಲೆ ಹೆಸರೇ ಇಲ್ಲವಲ್ಲ ಎಂದು ವರ್ವಾರಾ ಕೇಳಿದಾಗ ಅವನು ಕಿಟಕಿಯ ಕಡೆ ನೋಡಿದ. ವರ್ವಾರಾ ತನ್ನದನ್ನು ಬಚ್ಚಲಿಗೆ ಸುರಿದಳು. ರಿಮ್ಮಾ ಕುಡಿದಳು.

"ಜಾವೆಲಿನ್ ಬದಲು ನಿನ್ನ ಪ್ರಾಮಾಣಿಕತೆ ಎಸಿ, ವರ್ವಾರಾ," ಎಂದು ರಿಮ್ಮಾ ನಕ್ಕಳು. "ಎಷ್ಟು ದೂರ ಹೋಗುತ್ತೋ ನೋಡೋಣ."

ಕೂಟದಲ್ಲಿ ರಿಮ್ಮಾ ಮೂರನೆಯವಳು, ವರ್ವಾರಾ ನಾಲ್ಕನೆಯವಳು. ಸುತ್ತು ಬರುವ ಹೊತ್ತಿಗೆ ರಿಮ್ಮಾ ಕೈ ಚಾಚಿದಳು. ದೂರು ಕೊಡುವಷ್ಟು ಧೈರ್ಯ ವರ್ವಾರಾಳಿಗೆ ಇರಲಿಲ್ಲ. ಆ ಕೈ ಹಿಡಿಯದಿರುವಷ್ಟು ಮಾತ್ರ ಇತ್ತು. ಇಷ್ಟು ಸಣ್ಣ ಸತ್ಯಕ್ಕೆ ಯಾರೂ ಸಿಟ್ಟಾಗಲಾರರು ಎಂದುಕೊಂಡಳು. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಬ್ಬಳೇ ಹೊರಗೆ ನಡೆದಳು.

ಟಿವಿಯವರು ಅದನ್ನು ಮತ್ತೆ ಮತ್ತೆ ತೋರಿಸಿದರು. ಹೊಟ್ಟೆಕಿಚ್ಚಿನವಳು ಎಂದರು. ತಂಡಕ್ಕೆ ಹೊಂದಿಕೊಳ್ಳದವಳೆಂದು ಮುಂದಿನ ಒಲಿಂಪಿಕ್ಸ್‌ಗೆ ಅವಳನ್ನು ಆರಿಸಲಿಲ್ಲ. ಅಲ್ಲಿಗೆ ಆಟ ಮುಗಿಯಿತು. ಶಾಲೆಯೊಂದರಲ್ಲಿ ಮಕ್ಕಳಿಗೆ ಸ್ಕಿಪ್ಪಿಂಗ್ ಹೇಳಿಕೊಡುವ ಕೆಲಸ ಸಿಕ್ಕಿತು. ಅಲ್ಲಿಯೂ ತಾಯಂದಿರು ಅವಳನ್ನು ಗುರುತಿಸುತ್ತಿದ್ದುದು ಆ ಕಟ್ಟಿದ ಕೈಗಳಿಂದಲೇ.

ವರ್ಷಗಳಾದ ಮೇಲೆ, ತೆಗೆದಿಟ್ಟಿದ್ದ ಹಳೆಯ ಮೂತ್ರದ ಮಾದರಿಗಳನ್ನು ಮತ್ತೆ ಪರೀಕ್ಷಿಸಿದರು. ರಿಮ್ಮಾ ಸಿಕ್ಕಿಬಿದ್ದಳು. ಟಿವಿಯಲ್ಲಿ ಅತ್ತಳು. ಚೆನ್ನಾಗಿ ಅತ್ತಳು. ದೇಶವೂ ಜೊತೆಗೆ ಅತ್ತಿತು. ಸ್ವಲ್ಪ ದಿನಗಳಲ್ಲೇ ಅವಳು ಊರೂರು ಸುತ್ತಿ ಉದ್ದೀಪನ ಮದ್ದಿನ ವಿರುದ್ಧ ಭಾಷಣ ಮಾಡತೊಡಗಿದಳು.

ಕಂಚಿನ ಪದಕ ವರ್ವಾರಾಳ ಪಾಲಿಗೆ ಬಂತು. ಪದಕಕ್ಕಿಂತ ಅವಳಿಗೆ ಬೇಕಾಗಿದ್ದು ತನ್ನ ಹೆಸರಿಗೆ ಅಂಟಿದ ಮಸಿ ಹೋಗುವುದು. ಶಾಲೆಯ ವ್ಯಾಯಾಮದ ಹಾಲ್‌ನಲ್ಲಿ ಸಮಾರಂಭ ಇಟ್ಟರು. ಪದಕ ತೊಡಿಸಲು ರಿಮ್ಮಾಳನ್ನೇ ಕರೆಸಿದರು. ಅವಳು ಬಂದರೆ ಜನ ಸೇರುತ್ತಾರೆ ಎಂದು ಕಾರಣ ಕೊಟ್ಟರು.

ರಿಮ್ಮಾ ಪದಕ ತೊಡಿಸಿ ಕೈ ಚಾಚಿದಳು. ಕ್ಯಾಮೆರಾಗಳು ಕಾದವು. ಅಧಿಕಾರಿಯೊಬ್ಬ ವರ್ವಾರಾಳ ಕಿವಿಯಲ್ಲಿ, "ಈ ಸಲವಾದರೂ ಸ್ವಲ್ಪ ಮರ್ಯಾದೆಯಿಂದ ನಡೆದುಕೊಳ್ಳಿ," ಎಂದ.

ವರ್ವಾರಾ ಆ ಕೈಯನ್ನು ಹಿಡಿದಳು.

ಮರುದಿನ ಪತ್ರಿಕೆಯಲ್ಲಿ ಫೋಟೋ ಬಂತು. ಮೇಲೆ ದಪ್ಪ ಅಕ್ಷರದಲ್ಲಿ: "ವರ್ವಾರಾಳನ್ನು ಕ್ಷಮಿಸಿದ ರಿಮ್ಮಾ."

ನೀತಿ: ಮೋಸ ಮಾಡಿದವರನ್ನು ಲೋಕ ಕ್ಷಮಿಸುತ್ತದೆ, ಚೆನ್ನಾಗಿ ಅತ್ತರೆ ಸಾಕು. ಆ ಮೋಸವನ್ನು ಎಲ್ಲರಿಗಿಂತ ಮೊದಲು ಕಂಡು ಮುಖ ತಿರುಗಿಸಿದವರನ್ನು ಕ್ಷಮಿಸುವುದಿಲ್ಲ. ಮಕ್ಕಳೇ, ಆದರೂ ಅಂಥ ಕೈಯನ್ನು ಹಿಡಿಯಬೇಡಿ. ಅದಕ್ಕಾಗಿ ಯಾರಾದರೂ ಮೆಚ್ಚುತ್ತಾರೆಂದು ಮಾತ್ರ ಕಾಯಬೇಡಿ.