ಸೋದರಮಾವನ ನಾಲಿಗೆ

ಅಯ್ಯೋ, ಈಗ ನಡೆದಿದ್ದು ಹೇಳಿದ್ರೆ ನೀವು ನಂಬೋದೇ ಇಲ್ಲ! ಮದುವೆಮನೇಲಿ ಐನೂರು ಜನಕ್ಕೆ ನಾನೇ ಸಾರು ಮಾಡಿದ್ದೆ. ಗಂಡಿನ ಸೋದರಮಾವ ಶಾಂತಪ್ಪನೋರು ಹೊಗೆಸೊಪ್ಪು ಜಗೀತಾನೇ ರುಚಿ ನೋಡಿ, "ಬರೀ ಸಪ್ಪೆ! ಇನ್ನೆರಡು ಬೊಗಸೆ ಉಪ್ಪು ಹಾಕೋ!" ಅಂತ ಕೂಗಿದ್ರು.

"ಸರಿಯಾಗಿದೆ ಸ್ವಾಮಿ."

"ಅಡುಗೆಯೋನು ತನ್ನ ಸಾರನ್ನ ತಾನೇ ಬೈಕೋತಾನೇನೋ?"

ಹಾಕಿದ್ರೆ ಸಾರೂ ಹಾಳು, ನನ್ನ ಹೆಸರೂ ಹಾಳು! ಹೊಗೆಸೊಪ್ಪಿಂದ ನಿಮ್ಮ ನಾಲಿಗೆ ಮರಗಟ್ಟಿದೆ ಅಂದ್ರೆ ಬಿಡ್ತಾರಾ? ಕೈಮುಗಿದೆ. "ನಿಜ, ನನ್ನ ಮಾತು ಬಿಡಿ. ನಿಮ್ಮಂಥ ರುಚಿ ಬಲ್ಲೋರು ಬಾಯಿ ಮುಕ್ಕಳಿಸಿ ಇನ್ನೊಂದ್ಸಲ ನೋಡಿದ್ರೆ, ಅದೇ ತೀರ್ಪು."

ಎದೆಯುಬ್ಬಿಸಿ ಆಚೆ ಹೋದ್ರು, ಮುಕ್ಕಳಿಸಿ ಬಂದು ಸಾರು ಕುಡಿದ್ರು. "ನೋಡಿದ್ಯಾ! ನನ್ನ ಮಾತು ಕೇಳಿ ಉಪ್ಪು ಹಾಕಿದೆ, ಈಗ ಸರಿಹೋಯ್ತು!"

ನಾನು ಒಂದು ಹರಳೂ ಹಾಕಿರಲಿಲ್ಲ! ಈಗ ಪಂಕ್ತೀಲೆಲ್ಲ ಓಡಾಡಿ ಸಾರು ಹೊಗಳ್ತಿರೋರು ಅವರೇ. ನೀವಾಗಿದ್ರೆ ನಿಜ ಹೇಳ್ತಿದ್ರಾ?